ಬೀಗದ ಕೈ ಯಾರ ಹತ್ತಿರ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ನೀನು ಕಂಪ್ಯೂಟರ್ ಕೆಲಸದಾಗ ಇದ್ದೀಯಲ್ಲ, ಅದರ ಬಗ್ಗೆನೇ ಇಪ್ಪತ್ತು ನಿಮಿಷ ಮಾತಾಡು, ಆದ್ರೆ ನಮಗೆ ತಿಳಿಯೋ ಹಂಗ ಮಾತಾಡು" ಅಂದರು. ಮೊದಲ ಮಾತು ಸುಲಭ, ಎರಡನೆಯದು ಕಷ್ಟ. ನನ್ನ ಕೆಲಸ ಏನು ಎಂದು ನಮ್ಮ ಅವ್ವನಿಗೇ ಇವತ್ತಿನವರೆಗೆ ತಿಳಿಸಲು ಆಗಿಲ್ಲ. ಇವತ್ತು ನಿಮ್ಮೆಲ್ಲರ ಮುಂದೆ ಇನ್ನೊಂದು ಸಲ ಪ್ರಯತ್ನ ಮಾಡುತ್ತೇನೆ. ಅವ್ವ ಎರಡನೇ ಸಾಲಿನಲ್ಲಿ ಕೂತಿದ್ದಾಳೆ.

ನಾವು ಓದುವಾಗ ಈ ಶಾಲೆಯಲ್ಲಿ ಒಬ್ಬ ಅಟೆಂಡರ್ ಇದ್ದರು. ಹೆಸರು ಹೇಳುವುದಿಲ್ಲ, ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. ಗಂಟೆ ಹೊಡೆಯುವವರು ಅವರೇ, ಕುಡಿಯುವ ನೀರು ತುಂಬಿಸುವವರು ಅವರೇ, ಎಲ್ಲ ಕೋಣೆಗಳ ಬೀಗದ ಕೈ ಇರುತ್ತಿದ್ದುದೂ ಅವರ ಹತ್ತಿರವೇ. ವಿಜ್ಞಾನದ ಮೇಷ್ಟ್ರು ನನ್ನನ್ನು ಲ್ಯಾಬಿನ ಕೈ ತರಲು ಕಳಿಸುತ್ತಿದ್ದರು. ಅಟೆಂಡರ್ ಗೊಂಚಲನ್ನು ಯಾವತ್ತೂ ಕೊಟ್ಟವರಲ್ಲ. ಅದರಿಂದ ಒಂದೇ ಒಂದು ಕೈ ಬಿಚ್ಚಿ ಕೊಡುತ್ತಿದ್ದರು. ಹಳೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಹೆಸರು, ಕೋಣೆ, ಹೊತ್ತು ಬರೆಸಿಕೊಳ್ಳುತ್ತಿದ್ದರು. ಕೊನೆಯ ಗಂಟೆಗೆ ಮುಂಚೆ ಕೈ ವಾಪಸ್ ಬರಬೇಕು. ಬರದಿದ್ದರೆ ಕ್ಲಾಸಿನ ಬಾಗಿಲಿಗೇ ಬಂದು ನಿಲ್ಲುತ್ತಿದ್ದರು.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಆ ಕೈಯನ್ನು ನಾನು ಕಳೆದೆ. ಮೈದಾನವೆಲ್ಲ ಹುಡುಕಿ, ಅಳುತ್ತಾ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ಸೈಕಲ್ ಹತ್ತಿ ಹರಿಹರದ ಪೇಟೆಗೆ ಹೋಗಿ, ಸಂಜೆಯೊಳಗೆ ಹೊಸ ಬೀಗ ತಂದು ಹಾಕಿದರು. "ಕೈ ನಾಳೆ ಹುಡುಕಣ, ಬೀಗ ಇವತ್ತೇ ಬದ್ಲಿ ಮಾಡ್ಬೇಕು. ಸಿಕ್ಕೋರು ಬಂದು ಹೇಳ್ತಾರೇನು, ನನಗೆ ಸಿಕ್ಕೈತಿ ಅಂತ?" ಅಂದರು. ಮಾರನೇ ದಿನ ಆ ಕೈ ನನ್ನ ಪಾಟಿಚೀಲದ ಹರಿದ ಒಳಬಟ್ಟೆಯಲ್ಲಿ ಸಿಕ್ಕಿತು. ಓಡಿಹೋಗಿ ಕೊಟ್ಟೆ. ಕೈಯಲ್ಲಿ ತೂಗಿ ನೋಡಿ ನಕ್ಕು, "ಇನ್ನ ಇದು ಬರೀ ಕಬ್ಬಿಣ" ಅಂದರು.

ಇಷ್ಟು ವರ್ಷ ನಾನು ಬೆಂಗಳೂರಿನಲ್ಲಿ ಸಂಬಳ ತೆಗೆದುಕೊಂಡು ಮಾಡುತ್ತಿರುವ ಕೆಲಸದ ಮುಖ್ಯ ಪಾಠ ಇದೇ. ಅದನ್ನು ನಾನು ಸರಿಯಾಗಿ ಕಲಿತಿರಲಿಲ್ಲ ಎಂಬುದನ್ನೂ ಹೇಳಬೇಕು. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಮೊದಲು ಕೆಲಸ ಏನು ಎಂದು ಹೇಳುತ್ತೇನೆ. ಇಲ್ಲಿ ಮೆಕ್ಕೆಜೋಳ ಬೆಳೆಯುವವರು ಬಹಳ ಜನ ಇದ್ದೀರಿ. ಬಿತ್ತನೆ ಬೀಜವನ್ನು ನೀವು ಮನೆಯಲ್ಲಿ ತಯಾರಿಸುವುದಿಲ್ಲ, ಚೀಲ ತರುತ್ತೀರಿ. ಪ್ರಮಾಣಿತ ಬೀಜವಾದರೆ ಚೀಲದ ಬಾಯಿಗೆ ನೀಲಿ ಚೀಟಿ ಹೊಲಿದಿರುತ್ತದೆ, ಸೀಲ್ ಇರುತ್ತದೆ. ಆ ಚೀಟಿ ನೋಡಿ ನಂಬುತ್ತೀರಿ. ಚೀಲ ಬಿಚ್ಚಿ ಒಂದೊಂದು ಕಾಳನ್ನೂ ಪರೀಕ್ಷೆ ಮಾಡಲು ಯಾರಿಂದಲೂ ಆಗುವುದಿಲ್ಲ.

ಸಾಫ್ಟ್‌ವೇರ್ ಕೂಡ ಈಗ ಹೀಗೆಯೇ. ನಿಮ್ಮ ಫೋನಿನಲ್ಲಿರುವ ಬ್ಯಾಂಕಿನ ಆಪ್ ಆಗಲಿ, ಪಹಣಿ ತೆಗೆಯುವ ವೆಬ್‌ಸೈಟ್ ಆಗಲಿ, ಅದನ್ನು ಕಟ್ಟುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ದಿನಾಂಕ ಲೆಕ್ಕ ಹಾಕುವುದಕ್ಕೆ ಒಂದು, ಚಿತ್ರ ಚಿಕ್ಕದು ಮಾಡುವುದಕ್ಕೆ ಒಂದು, ಹೀಗೆ ಬೇರೆಯವರು ಬರೆದಿಟ್ಟ ಸಿದ್ಧ ಕಟ್ಟುಗಳನ್ನು ತಂದು ಜೋಡಿಸುತ್ತಾರೆ. ಈ ಕಟ್ಟಿಗೆ ಪ್ಯಾಕೇಜ್ ಎನ್ನುತ್ತಾರೆ. ಅವುಗಳನ್ನೆಲ್ಲ ಇಟ್ಟಿರುವ ದೊಡ್ಡ ಗೋದಾಮಿಗೆ ರಿಜಿಸ್ಟ್ರಿ ಎನ್ನುತ್ತಾರೆ. ಜಾವಾಸ್ಕ್ರಿಪ್ಟ್ ಭಾಷೆಯವರ ಗೋದಾಮು ಎನ್‌ಪಿಎಂ, ಪೈಥಾನ್ ಭಾಷೆಯವರದು ಪೈಪಿಐ. ಎನ್‌ಪಿಎಂ ಒಂದರಲ್ಲೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ಯಾಕೇಜ್‌ಗಳಿವೆ. ಯಾರು ಬೇಕಾದರೂ ಅಲ್ಲಿಂದ ತರಬಹುದು. ಆದರೆ ಒಂದು ಪ್ಯಾಕೇಜಿನ ಹೊಸ ಆವೃತ್ತಿಯನ್ನು ಒಳಗೆ ಇಡಲು ಅದರ ಒಡೆಯನಿಗೆ ಮಾತ್ರ ಹಕ್ಕು. ಆ ಹಕ್ಕನ್ನು ತೋರಿಸುವುದೇ ಟೋಕನ್, ಅಂದರೆ ಉದ್ದನೆಯ ಒಂದು ಗುಪ್ತ ಅಕ್ಷರಮಾಲೆ.

ಟೋಕನ್ ಎಂಬ ಪದ ನಮ್ಮ ಹಿರಿಯರಿಗೆ ಹೊಸದಲ್ಲ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅಲ್ಲಿ ಲೇತ್ ಮಾಡುತ್ತಿದ್ದವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲಿದ್ದಾರೆ. ಯಂತ್ರದ ಕಾರ್ಖಾನೆಗಳ ಟೂಲ್ ರೂಮಿನಲ್ಲಿ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ ಕೊಟ್ಟು ಅಳತೆಯ ಉಪಕರಣ ತೆಗೆದುಕೊಳ್ಳುವ ಪದ್ಧತಿ ಇತ್ತು. ಆ ಬಿಲ್ಲೆಯೇ ಟೋಕನ್. ಬಿಲ್ಲೆ ಯಾರದೋ, ಉಪಕರಣದ ಜವಾಬ್ದಾರಿ ಅವರದು. ಕಂಪ್ಯೂಟರಿನ ಟೋಕನ್ನಿಗೂ ಅದಕ್ಕೂ ಒಂದು ವ್ಯತ್ಯಾಸ ಇದೆ. ಹಿತ್ತಾಳೆ ಬಿಲ್ಲೆ ಕದ್ದರೆ ನಿಮ್ಮ ಜೇಬು ಖಾಲಿಯಾಗಿ ಗೊತ್ತಾಗುತ್ತದೆ. ಈ ಟೋಕನ್ ಕದ್ದರೆ ಅದು ನಿಮ್ಮ ಹತ್ತಿರವೂ ಇರುತ್ತದೆ, ಕಳ್ಳನ ಹತ್ತಿರವೂ ಇರುತ್ತದೆ. ನೀವು ತಿಂಗಳುಗಟ್ಟಲೆ ನಿಶ್ಚಿಂತೆಯಾಗಿರುತ್ತೀರಿ.

ಈ ಟೋಕನ್ನನ್ನು ಒಂದು ಸಣ್ಣ ಫೈಲಿನಲ್ಲಿ ಬರೆದಿಡುತ್ತಾರೆ. ಎನ್‌ಪಿಎಂನವರು ಆ ಫೈಲಿಗೆ ಡಾಟ್ ಎನ್‌ಪಿಎಂಆರ್‌ಸಿ ಎನ್ನುತ್ತಾರೆ, ಪೈಥಾನಿನವರು ಡಾಟ್ ಪೈಪಿಆರ್‌ಸಿ ಎನ್ನುತ್ತಾರೆ, ಜಾವಾದ ಮೇವನ್ ಬಳಸುವವರಿಗೆ ಸೆಟ್ಟಿಂಗ್ಸ್ ಎಂಬ ಫೈಲು. ಹೆಸರು ಚುಕ್ಕಿಯಿಂದ ಶುರುವಾದರೆ ಸಾಮಾನ್ಯವಾಗಿ ಫೈಲುಗಳ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಎರಡು ಮೂರು ಸಾಲಿನ ಫೈಲು. ಇವತ್ತಿನ ನನ್ನ ಮಾತೆಲ್ಲ ಆ ಎರಡು ಮೂರು ಸಾಲಿನ ಬಗ್ಗೆ.

ಹಿಂದೆ ಹೊಸ ಆವೃತ್ತಿ ಬಿಡುವಾಗ ಒಬ್ಬ ಮನುಷ್ಯ ತನ್ನ ಕಂಪ್ಯೂಟರಿನ ಮುಂದೆ ಕೂತು, ಗುಪ್ತಪದ ಕೊಟ್ಟು ಕಳಿಸುತ್ತಿದ್ದ. ಈಗ ಆ ಕೆಲಸ ಯಂತ್ರಕ್ಕೆ ಹೋಗಿದೆ. ನಾವು ಬರೆದ ಕೋಡನ್ನು ಗಿಟ್ ಎಂಬ ಕಡತದಲ್ಲಿ ಸೇರಿಸಿದ ಕೂಡಲೇ ಎಲ್ಲೋ ಒಂದು ಬಾಡಿಗೆ ಕಂಪ್ಯೂಟರು ಎಚ್ಚೆತ್ತು, ಬೇಕಾದ ಪ್ಯಾಕೇಜ್‌ಗಳನ್ನು ತಂದು, ಪರೀಕ್ಷೆ ಓಡಿಸಿ, ಕಟ್ಟು ಕಟ್ಟಿ, ಗೋದಾಮಿಗೆ ಸಾಗಿಸುತ್ತದೆ. ಇದಕ್ಕೆ ಪೈಪ್‌ಲೈನ್ ಎನ್ನುತ್ತಾರೆ. ದಾವಣಗೆರೆಯ ಹತ್ತಿಗಿರಣಿಯಲ್ಲಿ ಒಂದು ಕಡೆ ಹತ್ತಿ ಹಾಕಿದರೆ ಇನ್ನೊಂದು ಕಡೆ ಬಟ್ಟೆಯ ಥಾನು ಬರುತ್ತಿತ್ತಲ್ಲ, ಆ ರೀತಿ. ರಾತ್ರಿ ಎರಡು ಗಂಟೆಗೂ ನಡೆಯುತ್ತದೆ, ಯಾರೂ ಎದ್ದಿರಬೇಕಾಗಿಲ್ಲ. ಆದರೆ ಗೋದಾಮಿನ ಬಾಗಿಲು ತೆಗೆಯಲು ಆ ಯಂತ್ರದ ಕೈಗೂ ಬೀಗದ ಕೈ ಬೇಕು. ಅದನ್ನು ಎಲ್ಲಿಡುವುದು ಎಂಬಲ್ಲಿ ಎಡವುವವರು ಬಹಳ. ನಾನೂ ಎಡವಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಶುಕ್ರವಾರ ಸಂಜೆ ಹೊಸ ಆವೃತ್ತಿ ಹೊರಗೆ ಹೋಗಬೇಕಿತ್ತು. ಪೈಪ್‌ಲೈನ್ ಮತ್ತೆ ಮತ್ತೆ "ಅನುಮತಿ ಇಲ್ಲ" ಎಂದು ನಿಲ್ಲುತ್ತಿತ್ತು. ನನಗೆ ರಾತ್ರಿ ಊರಿನ ಬಸ್ಸು ಇತ್ತು. ಪರೀಕ್ಷೆಗೆಂದು ಟೋಕನ್ನನ್ನು ಆ ಚುಕ್ಕಿ ಫೈಲಿನಲ್ಲಿ ನೇರವಾಗಿ ಬರೆದು, ಕೋಡಿನ ಜೊತೆಗೇ ಸೇರಿಸಿಬಿಟ್ಟೆ. ಕೆಲಸ ಆಯಿತು. ಸೋಮವಾರ ಬಂದು ಆ ಸಾಲು ಅಳಿಸಿದೆ. ನಮ್ಮ ಕಂಪನಿಯವರಿಗೆ ಮಾತ್ರ ಕಾಣುವ ಕಡತ, ಮನೆಯೊಳಗಿನ ವಿಷಯ ಎಂದುಕೊಂಡು ಮರೆತೆ.

ಗಿಟ್ ಎಂಬುದು ಊರಿನ ಹಳೆಯ ಶಾನುಭೋಗರ ಲೆಕ್ಕದ ಪುಸ್ತಕದಂಥದ್ದು. ಅಲ್ಲಿ ಅಳಿಸುವುದು ಎಂದರೆ "ಇಂಥ ದಿನ ಈ ಸಾಲು ಅಳಿಸಲಾಯಿತು" ಎಂದು ಹೊಸದಾಗಿ ಬರೆಯುವುದು. ಹಿಂದಿನ ಪುಟ ಹಾಗೆಯೇ ಇರುತ್ತದೆ. ಸುಮಾರು ಒಂದು ವರ್ಷದ ನಂತರ ಆ ಕೋಡನ್ನು ಎಲ್ಲರೂ ಬಳಸಲಿ ಎಂದು ಸಾರ್ವಜನಿಕವಾಗಿ ತೆರೆದಿಟ್ಟೆವು. ಒಳ್ಳೆಯ ಉದ್ದೇಶವೇ. ಅದರ ಜೊತೆ ಹಿಂದಿನ ಪುಟಗಳೂ ತೆರೆದುಕೊಂಡವು.

ಮೂರು ದಿನದ ಮೇಲೆ ನಮ್ಮ ತಂಡಕ್ಕೆ ಆಗಷ್ಟೇ ಸೇರಿದ್ದ ಒಬ್ಬ ಹುಡುಗಿ ಸಂದೇಶ ಕಳಿಸಿದಳು. ನಮ್ಮ ಜಿಲ್ಲೆಯವಳೇ, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದವಳು. ಕೆಲಸ ಕಲಿಯಲೆಂದು ಹಳೆಯ ಪುಟಗಳನ್ನು ಒಂದೊಂದಾಗಿ ಓದುತ್ತಿದ್ದಳಂತೆ. "ಸರ್, ಇಲ್ಲಿ ಒಂದು ಟೋಕನ್ ಕಾಣ್ತಾ ಇದೆ, ಇದು ಇರಬೇಕಾ?" ಎಂದು ಕೇಳಿದ್ದಳು.

ನನ್ನ ಮನಸ್ಸಿಗೆ ಮೊದಲು ಬಂದ ಉತ್ತರ, "ಅದು ಹಳೇದಮ್ಮ, ಸತ್ತು ಹೋಗಿರುತ್ತೆ, ಬಿಡು." ಬೆರಳು ಅದನ್ನು ಟೈಪ್ ಮಾಡಲೂ ಶುರುಮಾಡಿತ್ತು. ಹಾಗೇ ಒಮ್ಮೆ ನೋಡೋಣ ಎಂದು ಪರೀಕ್ಷಿಸಿದೆ. ಅದು ಜೀವಂತವಾಗಿತ್ತು. ಅದಕ್ಕೆ ಅವಧಿಯೇ ಇರಲಿಲ್ಲ. ಆ ಒಂದು ಸಾಲು ಸಿಕ್ಕ ಯಾರೇ ಆಗಲಿ, ನಮ್ಮ ಹೆಸರಿನಲ್ಲಿ, ನಮ್ಮ ನೀಲಿ ಚೀಟಿ ಹೊಲಿದು, ತಮಗೆ ಬೇಕಾದ ಬೀಜ ತುಂಬಿ ಗೋದಾಮಿಗೆ ಕಳಿಸಬಹುದಿತ್ತು. ನಮ್ಮನ್ನು ನಂಬಿದವರೆಲ್ಲ ಅದನ್ನು ತಂದು ಬಿತ್ತುತ್ತಿದ್ದರು.

ಟೋಕನ್ ರದ್ದು ಮಾಡಿದೆವು. ನಂತರ ನಮ್ಮ ಪ್ರತಿ ಪ್ಯಾಕೇಜಿನ ಪ್ರತಿ ಆವೃತ್ತಿಯನ್ನೂ ನಮ್ಮ ದಾಖಲೆಯ ಜೊತೆ ತಾಳೆ ನೋಡಿದೆವು. ನಾವು ಬಿಡದ ಆವೃತ್ತಿ ಒಂದೂ ಇರಲಿಲ್ಲ. ಉಸಿರು ಬಂತು. ಆದರೆ ಆ ಮೂರು ದಿನದಲ್ಲಿ ಯಾರಾದರೂ ಅದನ್ನು ನೋಡಿದ್ದರೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ಉತ್ತರ ಹೇಳಲು ಆಗಲಿಲ್ಲ.

ಮಾರನೇ ದಿನ ಸಭೆ. ಆ ಟೋಕನ್ ಇದ್ದುದು ತಂಡಕ್ಕೆಲ್ಲ ಸೇರಿದ ಒಂದು ಖಾತೆಯ ಹೆಸರಿನಲ್ಲಿ. ಯಾರು ಬರೆದದ್ದೆಂದು ಟೋಕನ್ ನೋಡಿ ಹೇಳಲು ಬರುತ್ತಿರಲಿಲ್ಲ. ಗೊಂಚಲನ್ನೇ ಮೊಳೆಗೆ ನೇತುಹಾಕಿದರೆ ಆಗುವುದು ಇದೇ. ಸಭೆಯಲ್ಲಿ ಕೆಲವರ ಕಣ್ಣು ಹೋಗಿದ್ದು ಆ ಹುಡುಗಿಯ ಕಡೆಗೆ. ಹೊಸಬಳು, ಅವಳೇ ಏನೋ ಮುಟ್ಟಿರಬೇಕು ಎಂಬಂತೆ. "ಇವಳು ಯಾಕೆ ಹಳೇದೆಲ್ಲಾ ಕೆದಕ್ತಿದ್ಲು?" ಎಂದು ಒಬ್ಬರು ಕೇಳಿದರು. ಅವಳು ತಲೆ ತಗ್ಗಿಸಿ ಕೂತಿದ್ದಳು. ನಾನು ಸುಮ್ಮನಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಎಷ್ಟು ಹೊತ್ತು ಸುಮ್ಮನಿದ್ದೆ ಎಂದು ಲೆಕ್ಕ ಇಟ್ಟಿಲ್ಲ, ಆದರೆ ಸುಮ್ಮನಿದ್ದೆ. ಆಮೇಲೆ, "ಅದನ್ನು ಬರೆದವನು ನಾನು, ಶುಕ್ರವಾರ ಸಂಜೆ ಬಸ್ಸಿಗೆ ಹೊತ್ತಾಯಿತು ಅಂತ ಬರೆದೆ, ಅವಳು ಹೇಳದಿದ್ದರೆ ಇವತ್ತಿಗೂ ಅಲ್ಲೇ ಇರುತ್ತಿತ್ತು" ಎಂದೆ. ಒಂಬತ್ತನೇ ಕ್ಲಾಸಿನಲ್ಲಿ ಅಳುತ್ತಾ ಹೇಳಿದಷ್ಟು ಬೇಗ ಹೇಳಲಿಲ್ಲ ಎಂಬ ನಾಚಿಕೆ ನನಗೆ ಈಗಲೂ ಇದೆ.

ಇದು ನಮ್ಮ ಒಂದು ಕಂಪನಿಯ ಕಥೆ ಎಂದುಕೊಳ್ಳಬೇಡಿ. 2018ರ ಜುಲೈ 12ರಂದು ಇಎಸ್‌ಲಿಂಟ್-ಸ್ಕೋಪ್ ಎಂಬ ಬಹಳ ಜನ ಬಳಸುವ ಪ್ಯಾಕೇಜಿನ ಒಂದು ನಕಲಿ ಆವೃತ್ತಿ ಎನ್‌ಪಿಎಂ ಗೋದಾಮಿಗೆ ಬಂತು. ಅದನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಒಬ್ಬರು ಒಂದೇ ಗುಪ್ತಪದವನ್ನು ಹಲವು ಕಡೆ ಬಳಸಿದ್ದರು, ಎರಡನೇ ಹಂತದ ಪರಿಶೀಲನೆಯನ್ನೂ ಇಟ್ಟುಕೊಂಡಿರಲಿಲ್ಲ. ಕಳ್ಳ ಅಲ್ಲಿಂದ ಒಳಹೊಕ್ಕ. ಆ ನಕಲಿ ಆವೃತ್ತಿ ಮಾಡುತ್ತಿದ್ದ ಕೆಲಸ ಒಂದೇ: ತನ್ನನ್ನು ತಂದುಕೊಂಡವರ ಕಂಪ್ಯೂಟರಿನಲ್ಲಿ ಆ ಚುಕ್ಕಿ ಫೈಲನ್ನು ಹುಡುಕಿ, ಒಳಗಿನ ಟೋಕನ್ನನ್ನು ಹೊರಗೆ ಕಳಿಸುವುದು. ಕಳ್ಳನ ಕೋಡಿನಲ್ಲೇ ಒಂದು ತಪ್ಪಿದ್ದುದರಿಂದ ಕೆಲವರಿಗೆ ದೋಷದ ಸಂದೇಶ ಬಂದು, ಕೆಲವೇ ಗಂಟೆಗಳಲ್ಲಿ ಸಿಕ್ಕಿಬಿತ್ತು. ಸುಮಾರು 4,500 ಖಾತೆಗಳ ಟೋಕನ್‌ಗಳು ಕಳ್ಳನ ಕೈಗೆ ಹೋಗಿರುವ ಸಾಧ್ಯತೆ ಇತ್ತು ಎಂದು ಎನ್‌ಪಿಎಂ ಅಂದಾಜು ಮಾಡಿತು. ಹೋಗಿದೆ ಎಂಬುದಕ್ಕೆ ಸಾಕ್ಷಿ ಸಿಗಲಿಲ್ಲ. ಆದರೂ ಆ ಹೊತ್ತಿಗೆ ಮುಂಚೆ ಕೊಟ್ಟಿದ್ದ ಎಲ್ಲ ಟೋಕನ್‌ಗಳನ್ನೂ ಒಂದೇ ಏಟಿಗೆ ರದ್ದು ಮಾಡಿದರು. ನಮ್ಮ ಅಟೆಂಡರ್ ಮಾಡಿದ್ದೂ ಅದೇ.

2021ರಲ್ಲಿ ಕೋಡ್‌ಕವ್ ಎಂಬ ಕಂಪನಿಯ ಒಂದು ಸ್ಕ್ರಿಪ್ಟನ್ನು ಯಾರೋ ತಿದ್ದಿದರು. ಸಾವಿರಾರು ಪೈಪ್‌ಲೈನ್‌ಗಳು ಪ್ರತಿದಿನ ಅದನ್ನು ತಂದು ಓಡಿಸುತ್ತಿದ್ದವು. ತಿದ್ದಿದ ಸ್ಕ್ರಿಪ್ಟು ಆ ಯಂತ್ರಗಳಲ್ಲಿದ್ದ ಗುಪ್ತಪದಗಳನ್ನು ಹೊರಗೆ ಸಾಗಿಸುತ್ತಿತ್ತು. ಜನವರಿ 31ರಿಂದ ಏಪ್ರಿಲ್ 1ರವರೆಗೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಒಬ್ಬ ಗ್ರಾಹಕರು ಪ್ರಕಟಿತ ತಾಳೆ ಸಂಖ್ಯೆಯನ್ನೂ ತಮ್ಮ ಕೈಗೆ ಬಂದ ಸ್ಕ್ರಿಪ್ಟಿನ ತಾಳೆ ಸಂಖ್ಯೆಯನ್ನೂ ಹೋಲಿಸಿ ನೋಡಿದಾಗ. ಚೀಲ ಮತ್ತೊಮ್ಮೆ ತೂಗಿ ನೋಡುವ ರೈತನಂಥವರು ಅವರು.

2025ರ ಸೆಪ್ಟೆಂಬರಿನಲ್ಲಿ ಬಂದದ್ದು ಇನ್ನೂ ಕೆಟ್ಟದ್ದು. ಶಾಯಿ-ಹುಲೂದ್ ಎಂದು ಹೆಸರಾದ ಹುಳು. ಅದು ಒಬ್ಬರ ಯಂತ್ರದಲ್ಲಿ ಟೋಕನ್ ಹುಡುಕಿ, ಅದೇ ಟೋಕನ್ನಿನಿಂದ ಆ ವ್ಯಕ್ತಿಯ ಬೇರೆ ಪ್ಯಾಕೇಜ್‌ಗಳಿಗೆ ತನ್ನನ್ನೇ ತುಂಬಿ ಗೋದಾಮಿಗೆ ಕಳಿಸುತ್ತಿತ್ತು. ಅವನ್ನು ತಂದವರ ಟೋಕನ್ ಮತ್ತೆ ಕದಿಯುತ್ತಿತ್ತು. ಮೆಕ್ಕೆಜೋಳಕ್ಕೆ ಸೈನಿಕ ಹುಳು ಬಿದ್ದಾಗ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಹೋದದ್ದನ್ನು ನೀವು ಕಂಡಿದ್ದೀರಿ. ಹಾಗೆಯೇ 500ಕ್ಕೂ ಹೆಚ್ಚು ಪ್ಯಾಕೇಜ್‌ಗಳಿಗೆ ಹಬ್ಬಿತು.

ಹಾಗಾದರೆ ಬೀಗದ ಕೈ ಎಲ್ಲಿಡಬೇಕು? ಈ ಸಭೆಯಲ್ಲಿ ನನ್ನ ಕಸುಬಿನವರು ಹತ್ತಿಪ್ಪತ್ತು ಜನ ಇದ್ದೀರಿ, ಯು.ಬಿ.ಡಿ.ಟಿ., ಬಿ.ಐ.ಇ.ಟಿ. ಕಾಲೇಜುಗಳಲ್ಲಿ ಓದುತ್ತಿರುವ ಮಕ್ಕಳೂ ಬಂದಿದ್ದೀರಿ. ಸ್ವಲ್ಪ ಹೊತ್ತು ನಿಮ್ಮ ಜೊತೆ ಮಾತಾಡುತ್ತೇನೆ. ಉಳಿದವರೂ ಕೇಳಿಸಿಕೊಳ್ಳಿ, ನಮ್ಮ ಅಟೆಂಡರನ್ನು ನೆನೆದರೆ ಎಲ್ಲ ಅರ್ಥವಾಗುತ್ತದೆ.

ಮೊದಲನೆಯದು, ಕೋಡಿನ ಜೊತೆ ಹೋಗುವ ಫೈಲಿನಲ್ಲಿ ಟೋಕನ್ ಬರೆಯಬೇಡಿ, ಅದರ ಹೆಸರನ್ನು ಮಾತ್ರ ಬರೆಯಿರಿ. ಟೋಕನ್ ಇರಬೇಕಾದ ಜಾಗದಲ್ಲಿ ಒಂದು ಪರಿಸರ ಚಲಕದ ಹೆಸರು ಸಾಕು, ಓಡುವ ಹೊತ್ತಿಗೆ ಯಂತ್ರ ಅದರ ಬೆಲೆಯನ್ನು ತುಂಬಿಕೊಳ್ಳುತ್ತದೆ. ನಿಜವಾದ ಟೋಕನ್ ಪೈಪ್‌ಲೈನ್ ಸೇವೆಯ ಗುಪ್ತ ಭಂಡಾರದಲ್ಲಿರಲಿ. "ಕೈ ಅಟೆಂಡರ್ ಹತ್ತಿರ ಇದೆ" ಎಂದು ಬಾಗಿಲ ಮೇಲೆ ಬರೆದರೆ ತೊಂದರೆ ಇಲ್ಲ, ಕೈಯನ್ನೇ ಬಾಗಿಲಿಗೆ ಕಟ್ಟಬಾರದು.

ಎರಡನೆಯದು, ಎಲ್ಲ ಹಂತಕ್ಕೂ ಕೈ ಕೊಡಬೇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಪ್ಯಾಕೇಜ್‌ಗಳನ್ನು ತಂದು ಜೋಡಿಸುವ ಹಂತದಲ್ಲಿ ಬೇರೆಯವರು ಬರೆದ ಸಣ್ಣ ಕಾರ್ಯಕ್ರಮಗಳು ನಿಮ್ಮ ಯಂತ್ರದ ಮೇಲೆ ತಾವಾಗಿಯೇ ಓಡಬಹುದು. ಆ ಹೊತ್ತಿನಲ್ಲಿ ಪ್ರಕಟಣೆಯ ಟೋಕನ್ ಅಲ್ಲಿದ್ದರೆ, ಅವಕ್ಕೂ ಅದು ಕಾಣುತ್ತದೆ. ಆದ್ದರಿಂದ ಕಟ್ಟುವ ಕೆಲಸ ಮತ್ತು ಕಳಿಸುವ ಕೆಲಸ ಎರಡನ್ನೂ ಬೇರೆ ಬೇರೆ ಮಾಡಿ. ಕಟ್ಟುವ ಯಂತ್ರಕ್ಕೆ ಕೈ ಇಲ್ಲ. ಕಳಿಸುವ ಯಂತ್ರಕ್ಕೆ ಕೈ ಇದೆ, ಆದರೆ ಅದು ಹೊರಗಿನದ್ದೇನನ್ನೂ ತಂದು ಓಡಿಸುವುದಿಲ್ಲ, ಸಿದ್ಧವಾದ ಕಟ್ಟನ್ನು ಎತ್ತಿ ಗೋದಾಮಿಗೆ ಇಡುತ್ತದೆ, ಅಷ್ಟೇ. ಕಳಿಸುವ ಮುಂಚೆ ಒಬ್ಬ ಮನುಷ್ಯ ನೋಡಿ ಒಪ್ಪಿಗೆ ಕೊಡುವ ಹಾಗಿದ್ದರೆ ಇನ್ನೂ ಒಳ್ಳೆಯದು. ಹೊರಗಿನವರು ಕಳಿಸುವ ತಿದ್ದುಪಡಿಗಳನ್ನು ಪರೀಕ್ಷಿಸುವ ಓಟಕ್ಕಂತೂ ಯಾವ ಗುಟ್ಟನ್ನೂ ಕೊಡಬೇಡಿ.

ಮೂರನೆಯದು, ಗೊಂಚಲು ಕೊಡಬೇಡಿ, ಒಂದೇ ಕೈ ಕೊಡಿ. ಓದಲು ಮಾತ್ರ ಬೇಕಾದ ಕಡೆ ಓದುವ ಟೋಕನ್. ಒಂದೇ ಪ್ಯಾಕೇಜಿಗೆ ಬೇಕಾದರೆ ಅದೊಂದಕ್ಕೇ ಸೀಮಿತವಾದ ಟೋಕನ್. ಅವಧಿ ಇಲ್ಲದ ಟೋಕನ್ ತೆಗೆದುಕೊಳ್ಳಲೇಬೇಡಿ. ಯಾವುದು ಯಾರ ಕೆಲಸಕ್ಕೆ, ಯಾವತ್ತು ಕೊಟ್ಟದ್ದು ಎಂದು ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಂತೆ ಬರೆದಿಡಿ.

ನಾಲ್ಕನೆಯದು, ಫೈಲು ಬೇಕೇ ಬೇಕಾದರೆ, ಕೆಲಸದ ಹೊತ್ತಿನಲ್ಲಿ ತಾತ್ಕಾಲಿಕ ಜಾಗದಲ್ಲಿ ಹುಟ್ಟಲಿ, ಒಡೆಯನೊಬ್ಬನೇ ಓದುವ ಅನುಮತಿ ಇರಲಿ, ಕೆಲಸ ಕೆಟ್ಟು ನಿಂತರೂ ಅಳಿಯುವಂತೆ ಏರ್ಪಾಡು ಇರಲಿ. ಮುಂದಿನ ಓಟಕ್ಕೆಂದು ಉಳಿಸಿಡುವ ಸಂಗ್ರಹದಲ್ಲಿ ಮನೆಯ ಫೋಲ್ಡರನ್ನೆಲ್ಲ ತುಂಬಿದರೆ ಈ ಫೈಲೂ ಅದರೊಳಗೆ ಹೋಗುತ್ತದೆ. ಡಾಕರ್ ಬಳಸುವವರು ಇನ್ನೊಂದು ನೆನಪಿಡಿ. ಅದು ಪದರದ ಮೇಲೆ ಪದರ ಇಟ್ಟು ಕಟ್ಟುವ ಪೆಟ್ಟಿಗೆ. ಒಂದು ಪದರದಲ್ಲಿ ಫೈಲು ಹಾಕಿ ಮುಂದಿನ ಪದರದಲ್ಲಿ ಅಳಿಸಿದರೆ, ಕೆಳಗಿನ ಪದರದಲ್ಲಿ ಅದು ಇದ್ದೇ ಇರುತ್ತದೆ. ಗುಟ್ಟನ್ನು ಕಟ್ಟುವ ಹೊತ್ತಿಗೆ ಮಾತ್ರ ತೋರಿಸಿ, ಯಾವ ಪದರದಲ್ಲೂ ಉಳಿಸದ ಸೌಲಭ್ಯ ಅದರಲ್ಲೇ ಇದೆ, ಅದನ್ನು ಬಳಸಿ. ಓಟದ ದಾಖಲೆಯಲ್ಲಿ ಟೋಕನ್ನನ್ನು ಚುಕ್ಕಿ ಹಾಕಿ ಮುಚ್ಚುತ್ತಾರೆ ನಿಜ, ಆದರೆ ಅದನ್ನು ಬೇಸ್-64ಗೆ ತಿರುಗಿಸಿ ಮುದ್ರಿಸಿದರೆ ಆ ಮುಸುಕಿಗೆ ಗುರುತು ಸಿಗದೆ ಹೋಗಬಹುದು.

ಐದನೆಯದು, ಸಾಧ್ಯವಾದರೆ ಶಾಶ್ವತವಾದ ಕೈಯನ್ನೇ ಬಿಟ್ಟುಬಿಡಿ. 2023ರ ಏಪ್ರಿಲಿನಿಂದ ಪೈಪಿಐಯಲ್ಲಿ, 2025ರ ಜುಲೈನಿಂದ ಎನ್‌ಪಿಎಂನಲ್ಲಿ ಟ್ರಸ್ಟೆಡ್ ಪಬ್ಲಿಷಿಂಗ್ ಎಂಬ ವ್ಯವಸ್ಥೆ ಬಂದಿದೆ. ಅದರಲ್ಲಿ ನೀವು ಗೋದಾಮಿಗೆ ಮೊದಲೇ ಹೇಳಿಡುತ್ತೀರಿ: ಇಂಥ ಕಡತದ, ಇಂಥ ಹೆಸರಿನ ಪೈಪ್‌ಲೈನ್ ಬಂದರೆ ಮಾತ್ರ ಒಳಗೆ ಬಿಡಿ. ಪೈಪ್‌ಲೈನ್ ಓಡುವಾಗ ಅದರ ಗುರುತಿಗೆ ಆ ಸೇವೆಯವರು ಸಹಿ ಮಾಡಿ ಕೊಡುತ್ತಾರೆ. ಗೋದಾಮು ಆ ಸಹಿ ನೋಡಿ ಆ ಹೊತ್ತಿಗೆ ಮಾತ್ರ ಸಲ್ಲುವ ಪಾಸು ಕೊಡುತ್ತದೆ. ಪೈಪಿಐ ಕೊಡುವ ಪಾಸಿನ ಆಯಸ್ಸು 15 ನಿಮಿಷ. ನಮ್ಮ ಎಸ್.ಎಸ್.ಎಲ್.ಸಿ. ಹಾಲ್‌ಟಿಕೆಟ್ಟಿನಂತೆ, ಆ ಕೇಂದ್ರ, ಆ ದಿನ, ಆ ವಿಷಯ. ಬರೆದಿಡುವ ಫೈಲೇ ಇಲ್ಲ, ಕದಿಯುವುದು ಏನನ್ನು? ಆದರೆ ಇದರಲ್ಲೂ ಒಂದು ಎಚ್ಚರ ಬೇಕು. ಪೈಪ್‌ಲೈನಿನ ಆಜ್ಞೆಗಳನ್ನೇ ಯಾರಾದರೂ ತಿದ್ದಿದರೆ ಕಳ್ಳನಿಗೂ ಹಾಲ್‌ಟಿಕೆಟ್ ಸಿಗುತ್ತದೆ. ಆ ಆಜ್ಞೆಗಳ ಫೈಲನ್ನು ಯಾರು ತಿದ್ದಬಹುದು, ತಿದ್ದಿದ್ದನ್ನು ಯಾರು ನೋಡಿ ಒಪ್ಪಬೇಕು ಎಂಬುದನ್ನು ಬಿಗಿ ಮಾಡಿ.

ಕೊನೆಯದು, ಕೈ ಕಳೆದಾಗ ಏನು ಮಾಡಬೇಕು. ಸಾಲು ಅಳಿಸುವುದು, ಹಳೆಯ ಪುಟ ತಿದ್ದುವುದು ಆಮೇಲೆ. ಮೊದಲು ಟೋಕನ್ ರದ್ದು. ಆಮೇಲೆ ಗೋದಾಮಿನಲ್ಲಿ ನಾವು ಬಿಡದ ಆವೃತ್ತಿ ಏನಾದರೂ ಇದೆಯೇ ಎಂದು ತಾಳೆ. ಆಮೇಲೆ ಬಳಸುವವರಿಗೆ ತಿಳಿಸುವುದು. ನಮ್ಮ ದೇಶದಲ್ಲಿ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ಪಟ್ಟಿ ಮಾಡಿದ ಸೈಬರ್ ಘಟನೆಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು ಎಂದಿದೆ. ಆರು ಗಂಟೆ ಎಂದರೆ ನಾಚಿಕೆಪಡುತ್ತಾ ಕೂರಲು ಪುರಸೊತ್ತಿಲ್ಲ.

ಊರಿನ ಹಿರಿಯರೇ, ಇದೆಲ್ಲ ನಮಗೆ ಯಾಕೆ ಎಂದು ಕೇಳಬಹುದು. ನಿಮ್ಮ ಜೇಬಿನಲ್ಲೂ ಟೋಕನ್ ಇದೆ. ಫೋನಿಗೆ ಬರುವ ಓಟಿಪಿ, ಯುಪಿಐ ಪಿನ್, ಎಟಿಎಂ ಕಾರ್ಡಿನ ಕವರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟ ನಾಲ್ಕು ಅಂಕಿ. ನಮ್ಮ ಅವ್ವನದೂ ಹಾಗೇ ಇತ್ತು, ಈಗ ಅಳಿಸಿ, ನಂಬರ್ ಬದಲಿಸಿದ್ದೇವೆ. ಯಾರಾದರೂ ಮೋಸ ಹೋದರೆ, ಮನೆಯಲ್ಲಿ ಬೈತಾರೆ ಎಂದು ಎರಡು ದಿನ ಮುಚ್ಚಿಡುತ್ತಾರೆ. ಆ ಎರಡು ದಿನದಲ್ಲಿ ದುಡ್ಡು ಕೈದಾಟಿ ಹೋಗಿರುತ್ತದೆ. ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೆ ಹೇಳಿ ಕಾರ್ಡು ನಿಲ್ಲಿಸಿ. ಮನೆಯ ಮಕ್ಕಳೇ, ನಿಮ್ಮ ಅಪ್ಪ ಅವ್ವ ಬಂದು ಹೀಗಾಯಿತು ಎಂದು ಹೇಳಿದರೆ ಬೈಯಬೇಡಿ.

ಆ ಹುಡುಗಿಯ ವಿಷಯ ಅರ್ಧಕ್ಕೆ ಬಿಟ್ಟೆ. ಸಭೆ ಮುಗಿದ ಮೇಲೆ ಬಂದು, "ಸರ್, ನಾನು ಆ ಮೆಸೇಜು ಕಳಿಸೋಕೆ ಮುಂಚೆ ಅರ್ಧ ದಿನ ಯೋಚನೆ ಮಾಡಿದೆ. ದೊಡ್ಡವರ ತಪ್ಪು ತೋರಿಸಿದ ಹಾಗಾಗುತ್ತೇನೋ ಅಂತ" ಎಂದಳು. ಅವಳು ಆ ಅರ್ಧ ದಿನ ಯೋಚಿಸಬೇಕಾಗಿ ಬಂದದ್ದು ಅವಳ ತಪ್ಪಲ್ಲ. ಹೇಳಿದವರನ್ನೇ ಹಿಡಿದು ಕೇಳುವ ಅಭ್ಯಾಸ ನಮ್ಮಂಥ ದೊಡ್ಡವರಲ್ಲಿದೆ. ಆಮೇಲೆ ನಮ್ಮ ತಂಡದ ಬಿಡುಗಡೆಯ ವ್ಯವಸ್ಥೆಯನ್ನೆಲ್ಲ ಹೊಸದಾಗಿ ಕಟ್ಟಿದವಳು ಅವಳೇ. ಈಗ ಅದರಲ್ಲಿ ಆ ಚುಕ್ಕಿ ಫೈಲಿನಲ್ಲಿ ಟೋಕನ್ನೇ ಇಲ್ಲ.

ಇಲ್ಲಿ ಕೂತಿರುವ ಶಿಕ್ಷಕರಿಗೆ ಒಂದು ಕೋರಿಕೆ. ಮಕ್ಕಳು ಕಂಪ್ಯೂಟರ್ ಕೊಠಡಿಯಲ್ಲಿ ತಮ್ಮ ಗುಪ್ತಪದವನ್ನು ಗೆಳೆಯರಿಗೆ ಹೇಳುವುದು, ಒಂದೇ ಗುಪ್ತಪದವನ್ನು ಎಲ್ಲರೂ ಬಳಸುವುದು, ಬೋರ್ಡಿನ ಮೂಲೆಯಲ್ಲಿ ಬರೆದಿಡುವುದು ಬೇಡ. ಈ ವಯಸ್ಸಿನಲ್ಲಿ ಬಂದ ಅಭ್ಯಾಸ ಇಪ್ಪತ್ತು ವರ್ಷದ ನಂತರ ಒಂದು ಶುಕ್ರವಾರ ಸಂಜೆ ಹೊರಗೆ ಬರುತ್ತದೆ. ಹಳೆಯ ವಿದ್ಯಾರ್ಥಿಗಳ ಸಂಘ ಒಪ್ಪಿದರೆ, ದೀಪಾವಳಿ ರಜೆಗೆ ಊರಿಗೆ ಬಂದಾಗ ಎರಡು ದಿನ ಇದೇ ಶಾಲೆಯಲ್ಲಿ ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಇದನ್ನೆಲ್ಲ ಕೈಯಾರೆ ಮಾಡಿಸುತ್ತೇನೆ. ಆ ಹುಡುಗಿಯೂ ಬರುತ್ತೇನೆ ಎಂದಿದ್ದಾಳೆ.

ನಮ್ಮ ಅಟೆಂಡರ್ ಈಗ ಇಲ್ಲ. ನಿನ್ನೆ ಆಫೀಸ್ ರೂಮಿನಲ್ಲಿ ಹಳೆಯ ಹಾಜರಿ ಪುಸ್ತಕಗಳನ್ನು ಪ್ರದರ್ಶನಕ್ಕೆಂದು ತೆಗೆದಿಟ್ಟಿದ್ದರು. ನಮ್ಮ ಬ್ಯಾಚಿನದನ್ನು ಹಿಂದಿನಿಂದ ತೆರೆದು ನೋಡಿದೆ. ನನ್ನ ಹೆಸರಿತ್ತು, ಲ್ಯಾಬ್ ಎಂದಿತ್ತು, ಹೊತ್ತು ಇತ್ತು. ವಾಪಸ್ ಬಂದದ್ದಕ್ಕೆ ಹಾಕುವ ಸರಿ ಗುರುತು ಆ ಸಾಲಿಗೆ ಇರಲಿಲ್ಲ. ಅದರ ಬದಲು, ಅವರ ದುಂಡನೆಯ ಅಕ್ಷರದಲ್ಲಿ, "ಬೀಗ ಬದಲಿ" ಎಂದಿತ್ತು.